ಅಪರಿಚಿತರ ಹಂಗಿನಲ್ಲಿ ಆಡುತ್ತಿದ್ದ ಆಟಗಳು ಮತ್ತೆ ಬರುತ್ತವೆಯೇ?

ಪ್ರಶ್ನೆ: 2005–06ರಲ್ಲಿ ಶಿವಮೊಗ್ಗದ ಸೈಬರ್ ಕೆಫೆಯಲ್ಲಿ ರೂನ್‌ಸ್ಕೇಪ್ ಎಂಬ ಆನ್‌ಲೈನ್ ಆಟ ಆಡುತ್ತಿದ್ದೆ. ಪಿಯುಸಿ ಪರೀಕ್ಷೆ ಹತ್ತಿರ ಬಂದಾಗ ಬಿಟ್ಟವನು ಮತ್ತೆ ಆ ಕಡೆ ಹೋಗಲಿಲ್ಲ. ಅಲ್ಲಿ ಪರಿಚಯವಾದ ಇಬ್ಬರು ವಿದೇಶಿ ಹುಡುಗರ ಆಟದ ಹೆಸರು ಇವತ್ತಿಗೂ ನೆನಪಿದೆ. ಈಗ ನನ್ನ ಮಗ ಫೋನಿನಲ್ಲಿ ಆಡುವ ಆಟಗಳಲ್ಲಿ ಇಪ್ಪತ್ತು ನಿಮಿಷಕ್ಕೊಂದು ಪಂದ್ಯ ಮುಗಿಯುತ್ತದೆ, ಜೊತೆಗೆ ಆಡಿದವರು ಯಾರೆಂದು ಅವನಿಗೇ ಗೊತ್ತಿರುವುದಿಲ್ಲ. ಸಾವಿರಾರು ಜನ ಒಂದೇ ಲೋಕದಲ್ಲಿ ಒಂದೊಂದು ಪಾತ್ರವಾಗಿ ಆಡುವ, ಆ ಕಾಲದ ಆನ್‌ಲೈನ್ ರೋಲ್‌ಪ್ಲೇಯಿಂಗ್ ಆಟಗಳು ಮತ್ತೆ ಬರುವ ಸಾಧ್ಯತೆ ಇದೆಯೇ? ಬಂದರೂ ಮೊದಲಿನ ಹಾಗೇ ಇರುತ್ತವೆಯೇ?

ಉತ್ತರ: ಬರುವುದೇನು, ಬಂದಾಗಿದೆ. ನೀವು ಆಡುತ್ತಿದ್ದ ಆಟವೇ ಅದಕ್ಕೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ. ಕಷ್ಟವಿರುವುದು ನಿಮ್ಮ ಎರಡನೇ ಪ್ರಶ್ನೆಯಲ್ಲಿ. ಬೆಂಗಳೂರಿನಲ್ಲಿ ಕೂತು ಆನ್‌ಲೈನ್ ಆಟಗಳ ಸರ್ವರ್ ನೋಡಿಕೊಳ್ಳುವ ಕೆಲಸ ಮಾಡುತ್ತಾ ನನಗೆ ಹದಿನೈದು ವರ್ಷವಾಯಿತು. ‘ಮೊದಲಿನ ಹಾಗೇ’ ಅಂದರೆ ಏನು ಅನ್ನುವುದು ಅಷ್ಟೂ ವರ್ಷ ನನ್ನ ತಲೆಯಲ್ಲಿದೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ರೂನ್‌ಸ್ಕೇಪ್. ಇಂಗ್ಲೆಂಡಿನ ಆಂಡ್ರ್ಯೂ ಗೋವರ್ ಮತ್ತು ಪಾಲ್ ಗೋವರ್ ಎಂಬ ಅಣ್ಣತಮ್ಮಂದಿರು ಅದನ್ನು 2001ರ ಜನವರಿಯಲ್ಲಿ ಶುರು ಮಾಡಿದರು. ಸಿ.ಡಿ. ಬೇಡ, ಗ್ರಾಫಿಕ್ಸ್ ಕಾರ್ಡ್ ಬೇಡ, ಬ್ರೌಸರ್‌ನಲ್ಲಿ ಜಾವಾ ಇದ್ದರೆ ಸಾಕಿತ್ತು. ಕಂಪ್ಯೂಟರಿಗೆ ಏನನ್ನೂ ಇನ್‌ಸ್ಟಾಲ್ ಮಾಡಲು ಬಿಡದ ಕೆಫೆ ಮಾಲೀಕರ ಕಣ್ಣೆದುರೇ ನಾವು ಅದನ್ನು ಆಡಲು ಆದದ್ದು ಅದರಿಂದಲೇ. ನೀವು ಬಿಟ್ಟ ಮೇಲೆ ಅಲ್ಲಿ ಬಹಳಷ್ಟು ನಡೆಯಿತು. ಆಟದೊಳಗಿನ ಚಿನ್ನವನ್ನು ನಿಜವಾದ ದುಡ್ಡಿಗೆ ಮಾರುವ ದಂಧೆ ಮಿತಿಮೀರಿತ್ತು. ಅದನ್ನು ತಡೆಯಲು ಆಟ ನಡೆಸುವ ಜ್ಯಾಗೆಕ್ಸ್ ಕಂಪನಿ 2007ರ ಡಿಸೆಂಬರ್‌ನಿಂದ 2008ರ ಜನವರಿಯೊಳಗೆ ಆಟಗಾರರ ನಡುವಿನ ಮುಕ್ತ ಕೊಡುಕೊಳ್ಳುವಿಕೆಯನ್ನೂ, ವೈಲ್ಡರ್‌ನೆಸ್ ಎಂಬ ಪಾಳುಪ್ರದೇಶದಲ್ಲಿ ಒಬ್ಬರ ಮೇಲೊಬ್ಬರು ಬೀಳುವ ಅವಕಾಶವನ್ನೂ ತೆಗೆದುಹಾಕಿತು. 2011ರಲ್ಲಿ ಎರಡನ್ನೂ ವಾಪಸ್ ಕೊಟ್ಟಿತು. ಮರುವರ್ಷ ನವೆಂಬರ್‌ನಲ್ಲಿ ಹೊಡೆದಾಟದ ಪದ್ಧತಿಯನ್ನೇ ಬುಡಸಮೇತ ಬದಲಾಯಿಸಿತು. ಹಳಬರು ಗುಂಪುಗುಂಪಾಗಿ ಬಿಟ್ಟುಹೋದದ್ದು ಆಗ.

ಪುಣ್ಯಕ್ಕೆ ಕಂಪನಿಯಲ್ಲಿ 2007ರ ಆಗಸ್ಟ್ ತಿಂಗಳ ಒಂದು ಬ್ಯಾಕಪ್ ಉಳಿದಿತ್ತು. ‘ಇದನ್ನು ಮತ್ತೆ ತೆರೆಯೋಣವೇ’ ಎಂದು 2013ರ ಫೆಬ್ರವರಿಯಲ್ಲಿ ಆಟಗಾರರ ಮತ ಕೇಳಿದರು. ನಾಲ್ಕೂವರೆ ಲಕ್ಷದ ಹತ್ತಿರ ಮತ ಬಿತ್ತು. ಅದೇ ತಿಂಗಳ 22ರಂದು ‘ಓಲ್ಡ್ ಸ್ಕೂಲ್ ರೂನ್‌ಸ್ಕೇಪ್’ ತೆರೆಯಿತು. 2018ರ ಅಕ್ಟೋಬರ್‌ನಲ್ಲಿ ಫೋನಿಗೂ ಬಂತು. 2025ರಲ್ಲಿ ಒಂದೇ ಹೊತ್ತಿಗೆ 2 ಲಕ್ಷಕ್ಕೂ ಹೆಚ್ಚು ಜನ ಅದರೊಳಗಿದ್ದರು. ಹೊಸ ರೂಪದ ರೂನ್‌ಸ್ಕೇಪ್ ಈಗಲೂ ನಡೆಯುತ್ತಿದೆ. ಆದರೆ ಜನ ಜಾಸ್ತಿ ಇರುವುದು ಹಳೆಯದರಲ್ಲಿ.

ಬರೀ ಹಳೆಯದನ್ನು ಹಾಗೇ ಇಟ್ಟಿದ್ದರೆ ಹನ್ನೆರಡು ವರ್ಷ ಈ ಆಟ ಬದುಕುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ. ಅಲ್ಲಿ ಒಂದು ಕಟ್ಟುಪಾಡು ಇದೆ: ಆಟಕ್ಕೆ ದೊಡ್ಡದೇನನ್ನು ಸೇರಿಸಬೇಕಾದರೂ ಆಟಗಾರರ ಮತ ಕೇಳಬೇಕು. ಬಹುಮತ ಸಾಲದು. ನೂರಕ್ಕೆ 75 ಮತ ಬೇಕಿತ್ತು, ಈಚೆಗೆ ಅದನ್ನು 70ಕ್ಕೆ ಇಳಿಸಿದರು. ಹಡಗು ನಡೆಸುವ ವಿದ್ಯೆಯೊಂದನ್ನು ಸೇರಿಸೋಣ ಎಂದು 2015ರಲ್ಲಿ ಕೇಳಿದಾಗ ಸಾಕಷ್ಟು ಮತ ಬೀಳಲಿಲ್ಲ. 2019ರಲ್ಲಿ ಮುಂದಿಟ್ಟ ಇನ್ನೊಂದು ವಿದ್ಯೆ ನೂರಕ್ಕೆ 66ರ ಆಸುಪಾಸಿಗೆ ಬಂದು ಬಿದ್ದುಹೋಯಿತು. ಕಡೆಗೆ 2023ರಲ್ಲಿ ಆಟಗಾರರು ಹಡಗಿಗೇ ಒಪ್ಪಿಗೆ ಕೊಟ್ಟರು, 2025ರ ನವೆಂಬರ್‌ನಲ್ಲಿ ಅದು ಆಟಕ್ಕೆ ಬಂತು. ಒಂದು ವಿದ್ಯೆ ಸೇರಿಸಲು ಹತ್ತು ವರ್ಷ! ಇಷ್ಟು ನಿಧಾನ ಯಾವ ಕಂಪನಿಗೂ ಇಷ್ಟವಾಗುವುದಿಲ್ಲ. ಆದರೆ ‘ನಾಳೆ ಬೆಳಿಗ್ಗೆ ಎದ್ದು ನೋಡಿದರೆ ನನ್ನ ಆಟ ಇನ್ನೇನೋ ಆಗಿರುತ್ತದೆ’ ಎಂಬ ಭಯ ಆ ಆಟಗಾರರಿಗೆ ಇಲ್ಲ. 2012ರಲ್ಲಿ ಮುರಿದ ನಂಬಿಕೆಯನ್ನು ಮತ್ತೆ ಕಟ್ಟಿದ್ದು ಈ ನಿಧಾನವೇ.

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನದು ಇನ್ನೂ ಹೆಚ್ಚಿನ ಜಟಾಪಟಿ. 2004ರ ನವೆಂಬರ್‌ನಲ್ಲಿ ಬಂದ ಆ ಆಟಕ್ಕೆ 2010ರ ಹೊತ್ತಿಗೆ 1 ಕೋಟಿ 20 ಲಕ್ಷ ಚಂದಾದಾರರಿದ್ದರು. ಮೊದಲಿನ ರೂಪ ಬೇಕು ಎಂದು ಹಳಬರು ಕೇಳುತ್ತಲೇ ಇದ್ದರು. ಆಟದ ಕಂಪನಿ ಬ್ಲಿಜರ್ಡ್ ನಡೆಸುವ ಬ್ಲಿಜ್‌ಕಾನ್ ಸಮಾವೇಶದಲ್ಲಿ, 2013ರಲ್ಲಿ, ಒಬ್ಬರು ಎದ್ದು ನಿಂತು ಕೇಳಿದಾಗ, ವೇದಿಕೆಯ ಮೇಲಿದ್ದ ಕಂಪನಿಯ ಜೆ. ಅಲೆನ್ ಬ್ರ್ಯಾಕ್ ‘ಬೇಕು ಅಂತ ನಿಮಗೆ ಅನ್ನಿಸುತ್ತದೆ, ನಿಜಕ್ಕೂ ಬೇಕಿಲ್ಲ’ ಎಂಬರ್ಥದ ಮಾತು ಹೇಳಿದರು. ಆಟಗಾರರು ಆ ಮಾತನ್ನು ಮರೆಯಲಿಲ್ಲ. 2015ರಲ್ಲಿ ನೊಸ್ಟಾಲ್ರಿಯಸ್ ಎಂಬ ಹೆಸರಿನಲ್ಲಿ ಹವ್ಯಾಸಿಗಳ ಗುಂಪೊಂದು, ಕಂಪನಿಯ ಅನುಮತಿ ಇಲ್ಲದೆ, ದುಡ್ಡೂ ತೆಗೆದುಕೊಳ್ಳದೆ ಹಳೆಯ ಆಟದ ಸರ್ವರ್ ನಡೆಸಿತು. ಕಾನೂನಿನ ನೋಟಿಸ್ ಬಂದು 2016ರ ಏಪ್ರಿಲ್‌ನಲ್ಲಿ ಮುಚ್ಚುವಾಗ ಅದರಲ್ಲಿ ಸಕ್ರಿಯವಾಗಿದ್ದ ಅಕೌಂಟುಗಳೇ ಒಂದೂವರೆ ಲಕ್ಷ ಎಂದು ಅವರು ತಿಳಿಸಿದರು. ಮರುವರ್ಷ, 2017ರ ನವೆಂಬರ್‌ನಲ್ಲಿ, ಅದೇ ಬ್ರ್ಯಾಕ್ ಅದೇ ಸಮಾವೇಶದ ವೇದಿಕೆ ಹತ್ತಿ ‘ಕ್ಲಾಸಿಕ್’ ಬರುತ್ತದೆಂದು ಘೋಷಿಸಿದರು. 2019ರ ಆಗಸ್ಟ್‌ನಲ್ಲಿ ಅದು ತೆರೆದಾಗ ಒಳಗೆ ಹೋಗಲು ಜನ ಗಂಟೆಗಟ್ಟಲೆ ಸರದಿಯಲ್ಲಿ ಕಾದರು. ಆಟದೊಳಗೂ ಸರದಿ: ಒಂದು ರಾಕ್ಷಸನನ್ನು ಕೊಲ್ಲುವ ಕ್ವೆಸ್ಟಿಗಾಗಿ (ಆಟ ಒಪ್ಪಿಸುವ ಕೆಲಸಕ್ಕಾಗಿ) ಆಟಗಾರರು ತಾವಾಗಿಯೇ ಉದ್ದಕ್ಕೆ ಸಾಲುಗಟ್ಟಿ ನಿಂತಿದ್ದರು. ಯಾರೂ ಅವರಿಗೆ ಹಾಗೆ ನಿಲ್ಲಿ ಎಂದು ಹೇಳಿರಲಿಲ್ಲ.

ನನ್ನ ಕೆಲಸಕ್ಕೆ ಹತ್ತಿರದ ವಿಷಯ ಒಂದನ್ನು ಇಲ್ಲಿ ಹೇಳಲೇಬೇಕು. ಹಳೆಯ ಆಟವನ್ನು ತೆರೆಯುವುದೆಂದರೆ ಹಳೆಯ ಫೈಲನ್ನು ಹೊಸ ಯಂತ್ರದಲ್ಲಿ ಓಡಿಸುವುದು ಎಂದು ಹಲವರು ತಿಳಿದಿದ್ದಾರೆ. ಹಳೆಯ ಕೋಡನ್ನೇ ಓಡಿಸಿದರೆ ಅದರ ಹಳೆಯ ದೋಷಗಳು, ಭದ್ರತೆಯ ತೂತುಗಳು ಎಲ್ಲ ಜೊತೆಗೇ ಬರುತ್ತವೆ. ಹಾಗಾಗಿ ಬ್ಲಿಜರ್ಡ್‌ನವರು ಹೊಸ ಕಾಲದ ಎಂಜಿನ್ (ಆಟ ನಡೆಸುವ ಮೂಲ ಪ್ರೋಗ್ರಾಂ) ಇಟ್ಟುಕೊಂಡು, ಹಳೆಯ ಡೇಟಾವನ್ನು ಅದಕ್ಕೆ ಒಗ್ಗುವಂತೆ ಮಾರ್ಪಡಿಸಿ ತುಂಬಿದರು. ಆಗ ಒಂದು ತೊಡಕು ಎದ್ದಿತು. 2004ರ ಸರ್ವರ್ ಮಂತ್ರಗಳನ್ನು ಬಂದ ಬಂದ ಹಾಗೆ ಲೆಕ್ಕ ಹಾಕುತ್ತಿರಲಿಲ್ಲ, ಸುಮಾರು 400 ಮಿಲಿಸೆಕೆಂಡಿಗೊಮ್ಮೆ ಒಟ್ಟುಗೂಡಿಸಿ ಲೆಕ್ಕ ಹಾಕುತ್ತಿತ್ತು. ಅದರಿಂದ ಇಬ್ಬರು ಮಾಂತ್ರಿಕರು ಒಂದೇ ಕ್ಷಣದಲ್ಲಿ ಒಬ್ಬರನ್ನೊಬ್ಬರು ಕುರಿ ಮಾಡಿ, ಎರಡು ಕುರಿಗಳು ಎದುರುಬದುರು ನಿಲ್ಲುವುದು ಸಾಧ್ಯವಿತ್ತು. ಹೊಸ ಎಂಜಿನ್ನಿನ ವೇಗಕ್ಕೆ ಅದು ಆಗುತ್ತಿರಲಿಲ್ಲ. ಎಂಜಿನಿಯರುಗಳು ಆ ಹಳೆಯ ನಿಧಾನವನ್ನು ಹೊಸದಾಗಿ ಕೋಡ್ ಬರೆದು ಸೇರಿಸಿದರು. ಓದಿದಾಗ ನನಗೆ ಬಹಳ ಖುಷಿಯಾಗಿತ್ತು. ಆದರೆ ಮುಂದೇನಾಯಿತು ನೋಡಿ: ಆಟಗಾರರಿಂದಲೇ ದೂರು ಬಂತು. ಗುಂಡಿ ಒತ್ತಿದ ತಕ್ಷಣ ಕೆಲಸ ಆಗುವುದಕ್ಕೆ ಒಗ್ಗಿಹೋಗಿದ್ದ ಬೆರಳುಗಳಿಗೆ ಆ ಅರೆಗಳಿಗೆ ತಡೆಯಲಾಗಲಿಲ್ಲ. 2021ರಲ್ಲಿ ಅದನ್ನು 10 ಮಿಲಿಸೆಕೆಂಡಿಗೆ ಇಳಿಸಿದರು.

ಯಂತ್ರವನ್ನು ಹಿಂದಕ್ಕೆ ತಿರುಗಿಸಬಹುದು ಎಂಬುದಕ್ಕೆ ಇದು ಪುರಾವೆ. ಆಡುವವರನ್ನು ಮಾತ್ರ ಹಾಗೆ ಹಿಂದಕ್ಕೆ ತಿರುಗಿಸಲಾಗದು. ಅದೇ ಆಟದಲ್ಲಿ ರ‍್ಯಾಗ್ನರೋಸ್ ಎಂಬ ಬೆಂಕಿಯ ದೈತ್ಯನಿದ್ದಾನೆ, ನಲವತ್ತು ಜನ ಒಟ್ಟಾಗಿ ಸೋಲಿಸಬೇಕಾದ ಬಾಸ್. ಮೂಲ ಆಟದಲ್ಲಿ ಅವನನ್ನು ಮೊದಲ ಸಲ ಕೆಡವಲು ಆಟಗಾರರಿಗೆ ಐದು ತಿಂಗಳು ಹಿಡಿದಿತ್ತು. 2019ರಲ್ಲಿ ಅವನು ಒಂದು ವಾರವೂ ಬಾಳಲಿಲ್ಲ. ಅವನ ಬಲ ಕಡಿಮೆಯಾಗಿರಲಿಲ್ಲ. ಅವನ ಪ್ರತಿ ಹೊಡೆತದ ಲೆಕ್ಕ, ಅದಕ್ಕೆ ಬೇಕಾದ ಪ್ರತಿ ವಸ್ತುವಿನ ಪಟ್ಟಿ, ಯಾರು ಎಲ್ಲಿ ನಿಲ್ಲಬೇಕೆಂಬ ಚಿತ್ರ ಎಲ್ಲವೂ ಹದಿನೈದು ವರ್ಷದಲ್ಲಿ ಬರೆದಿಟ್ಟಾಗಿತ್ತು. ಗೊತ್ತಿಲ್ಲದಿರುವುದು ಒಂದು ಸಲ ಕಳೆದರೆ ಮತ್ತೆ ಸಿಗುವ ವಸ್ತುವಲ್ಲ.

ಹಾಗಾದರೆ ಹಳೆಯ ಆಟಗಳ ಸೊಗಸು ಬರೀ ನಮ್ಮ ಅಜ್ಞಾನವೇ, ನಮ್ಮ ವಯಸ್ಸೇ? ಹಲವರು ಹಾಗೆ ಹೇಳಿ ಮಾತು ಮುಗಿಸುತ್ತಾರೆ. ನಾನು ಅದನ್ನು ಒಪ್ಪುವುದಿಲ್ಲ. ಕಾರಣ ಹೇಳಲು 1999ರ ಮಾರ್ಚ್‌ನಲ್ಲಿ ಅಮೆರಿಕದಲ್ಲಿ ಬಂದ ಎವರ್‌ಕ್ವೆಸ್ಟ್ ಕಡೆಗೆ ಹೋಗಬೇಕು. ಈ ಜಾತಿಯ ಆಟಗಳ ಗುಣ ಅಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಆ ಆಟ ಶುರುವಾದಾಗ ಅದರೊಳಗೆ ನಕ್ಷೆ ಇರಲಿಲ್ಲ. ದಿಕ್ಕು ತಿಳಿಯುವುದೂ ಕಲಿಯಬೇಕಾದ ಒಂದು ವಿದ್ಯೆಯಾಗಿತ್ತು. ಗುಂಡಿ ಒತ್ತಿದರೆ ‘ನೀನು ಉತ್ತರದ ಕಡೆ ಹೋಗುತ್ತಿದ್ದೀಯ ಅನ್ನಿಸುತ್ತದೆ’ ಎಂಬಂಥ ಒಂದು ಸಾಲು ಬರುತ್ತಿತ್ತು. ವಿದ್ಯೆ ಸಾಲದಿದ್ದರೆ ಯಾವ ಕಡೆ ಮುಖ ಮಾಡಿದ್ದೀಯೋ ನಿನಗೇ ಗೊತ್ತಿಲ್ಲ ಎಂದು ಆಟ ಕೈಚೆಲ್ಲುತ್ತಿತ್ತು. ಮನುಷ್ಯ ಜಾತಿಯ ಪಾತ್ರ ಆರಿಸಿಕೊಂಡವರಿಗೆ ರಾತ್ರಿ ಕಣ್ಣು ಕಾಣುತ್ತಿರಲಿಲ್ಲ, ಕೈಯಲ್ಲಿ ಪಂಜು ಬೇಕು. ಸತ್ತರೆ ಹೆಣ ಬಿದ್ದಲ್ಲೇ ಬಿದ್ದಿರುತ್ತಿತ್ತು, ಕತ್ತಿ, ಕವಚ, ಚೀಲ ಎಲ್ಲ ಅದರ ಮೇಲೇ. ಬರಿಗೈಯಲ್ಲಿ ಮತ್ತೆ ಹುಟ್ಟಿ, ಅದೇ ಅಪಾಯದ ಜಾಗಕ್ಕೆ ಓಡಿ ಹೋಗಿ ಅದನ್ನು ತರಬೇಕು. ಹೋಗಲಾಗದಿದ್ದರೆ ನೆಕ್ರೊಮ್ಯಾನ್ಸರ್ ವಿದ್ಯೆ ಕಲಿತ ಯಾರನ್ನಾದರೂ ಕೇಳಿಕೊಳ್ಳಬೇಕು, ಅವರು ಹೆಣವನ್ನು ತಮ್ಮ ಬಳಿಗೆ ಕರೆಸಬಲ್ಲರು. ಸತ್ತಾಗ ಕಳೆದುಹೋದ ಅನುಭವದ ಅಂಕಗಳನ್ನು ವಾಪಸ್ ತರಬಲ್ಲವರು ಕ್ಲೆರಿಕ್‌ಗಳು. ದೂರದ ಊರಿಗೆ ಒಂದೇ ಕ್ಷಣದಲ್ಲಿ ಕಳಿಸಬಲ್ಲವರು ಡ್ರೂಯಿಡ್‌ಗಳು, ವಿಜರ್ಡ್‌ಗಳು. ಅವರ ಕೈಕಾಲು ಹಿಡಿಯದಿದ್ದರೆ ಬಂದರಿನಲ್ಲಿ ಕೂತು ಹಡಗಿಗೆ ಕಾಯಬೇಕು. ಹಡಗೂ ಹೇಳಿದ ಕೂಡಲೇ ಬರುವುದಲ್ಲ, ನಮ್ಮ ಕಡೆಯ ಹಳೆಯ ಲಾಂಚಿನ ಹಾಗೆ ಅದರ ಪಾಡಿಗೆ ಬರುತ್ತದೆ, ಹೋಗುತ್ತದೆ. ಬಂದರಿನಲ್ಲಿ ಕೂತವರು ಆ ಹೊತ್ತಿನಲ್ಲಿ ಇನ್ನೇನು ಮಾಡಬೇಕು? ಮಾತಾಡುತ್ತಿದ್ದರು.

ಇನ್ನೊಂದು ಸಣ್ಣ ಸಂಗತಿ. ಮಂತ್ರ ಹಾಕುವವರು ಕಳೆದ ಶಕ್ತಿಯನ್ನು ಮತ್ತೆ ತುಂಬಿಕೊಳ್ಳಲು ನೆಲದ ಮೇಲೆ ಕೂತು ಮಂತ್ರದ ಪುಸ್ತಕ ತೆರೆಯಬೇಕಿತ್ತು. 35ನೇ ಲೆವೆಲ್ ಮುಟ್ಟುವ ತನಕ ಆ ಪುಸ್ತಕ ಎದುರಿನ ಇಡೀ ದೃಶ್ಯವನ್ನು ಮುಚ್ಚಿಬಿಡುತ್ತಿತ್ತು. ಹಿಂದಿನಿಂದ ಮೃಗ ಬಂದರೂ ಕಾಣದು. ಕಾಣುತ್ತಿದ್ದದ್ದು ಎರಡೇ: ಪುಸ್ತಕದ ಹಾಳೆ, ಅದರ ಕೆಳಗಿನ ಚಾಟ್ ಪೆಟ್ಟಿಗೆ. ಒಂದು ಹೊಡೆದಾಟ ಮುಗಿದು ಇನ್ನೊಂದಕ್ಕೆ ಏಳುವ ಮೊದಲು ಹೀಗೆ ಎಷ್ಟೋ ನಿಮಿಷ. ಜೊತೆಗಿದ್ದ ಯೋಧ ಕಾವಲು ಕಾಯುತ್ತಾನೆಂಬ ನಂಬಿಕೆಯ ಮೇಲೆ ಕಣ್ಣುಕಟ್ಟಿಕೊಂಡು ಕೂರುವುದು, ಕೂತಷ್ಟೂ ಹೊತ್ತು ಹರಟುವುದು. ವಿನ್ಯಾಸದ ಪಾಠ ಹೇಳುವವರು ಇದನ್ನು ದೋಷ ಎನ್ನುತ್ತಾರೆ. ತಾಂತ್ರಿಕವಾಗಿ ಅದು ದೋಷವೇ ಇರಬಹುದು. ಅದರಲ್ಲಿ ಹುಟ್ಟಿದ ಸ್ನೇಹಗಳು ಇಪ್ಪತ್ತೈದು ವರ್ಷವಾದರೂ ಉಳಿದಿವೆ.

ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಪದವಿದೆ: ಹಂಗು. ಸಾಮಾನ್ಯವಾಗಿ ನಾವು ಅದನ್ನು ಬೇಡದ್ದು ಎಂಬ ಅರ್ಥದಲ್ಲೇ ಬಳಸುತ್ತೇವೆ, ಯಾರ ಹಂಗೂ ಇಲ್ಲದೆ ಬದುಕಬೇಕು ಅನ್ನುತ್ತೇವೆ. ಹಳೆಯ ಆನ್‌ಲೈನ್ ಆಟಗಳು ನಿಂತಿದ್ದೇ ಅಪರಿಚಿತರ ಹಂಗಿನ ಮೇಲೆ. ಹೆಣ ತಂದುಕೊಟ್ಟವನ ಹೆಸರು ಮರೆಯುವುದಿಲ್ಲ, ಏಕೆಂದರೆ ಅವನ ಋಣ ನಿಮ್ಮ ಮೇಲಿದೆ. ಮೋಸ ಮಾಡಿದವನ ಹೆಸರೂ ಮರೆಯುವುದಿಲ್ಲ, ಇಡೀ ಸರ್ವರ್‌ಗೆ ಅದು ಗೊತ್ತಾಗುತ್ತದೆ, ನಾಳೆಯಿಂದ ಅವನನ್ನು ಯಾರೂ ಗುಂಪಿಗೆ ಸೇರಿಸುವುದಿಲ್ಲ. ನಿಮಗೆ ಆ ಇಬ್ಬರು ಹುಡುಗರ ಹೆಸರು ನೆನಪಿರುವುದು, ನಿಮ್ಮ ಮಗನಿಗೆ ನಿನ್ನೆ ಜೊತೆಗೆ ಆಡಿದವರ ಹೆಸರು ನೆನಪಿಲ್ಲದಿರುವುದು, ಎರಡಕ್ಕೂ ಕಾರಣ ಇದೇ. ಅವನ ಆಟದಲ್ಲಿ ಯಾರ ಹಂಗೂ ಇಲ್ಲ.

ಆಮೇಲಿನ ವರ್ಷಗಳಲ್ಲಿ ಆಟ ಮಾಡುವವರು ಈ ಹಂಗನ್ನು ಒಂದೊಂದಾಗಿ ಕಿತ್ತುಹಾಕಿದರು. ಕೆಟ್ಟ ಉದ್ದೇಶ ಯಾರಿಗೂ ಇರಲಿಲ್ಲ. ಎವರ್‌ಕ್ವೆಸ್ಟ್‌ನಲ್ಲಿ ಈಸ್ಟ್ ಕಾಮನ್‌ಲ್ಯಾಂಡ್ಸ್ ಎಂಬ ಬಯಲಿನ ಒಂದು ಸುರಂಗ ತಾನಾಗಿಯೇ ಸಂತೆಯಾಗಿತ್ತು. ಜನ ಗೋಡೆಗೊರಗಿ ಕೂತು, ಇಂಥದ್ದು ಮಾರಾಟಕ್ಕಿದೆ, ಇಂಥದ್ದು ಬೇಕು ಎಂದು ಕೂಗುತ್ತಾ ಚೌಕಾಸಿ ಮಾಡುತ್ತಿದ್ದರು. 2001ರ ಕೊನೆಗೆ ಕಂಪನಿ ಬಜಾರ್ ಎಂಬ ಜಾಗ ಕಟ್ಟಿತು. ಸರಕು ಇಟ್ಟು ಬೆಲೆ ಬರೆದು ಮಲಗಲು ಹೋಗಬಹುದು, ಬೆಳಿಗ್ಗೆ ದುಡ್ಡು ಬಂದಿರುತ್ತದೆ. ಸುರಂಗ ಖಾಲಿಯಾಯಿತು. ವಾರ್‌ಕ್ರಾಫ್ಟ್‌ನಲ್ಲಿ 2009ರ ಡಿಸೆಂಬರ್‌ನಲ್ಲಿ ಡಂಜನ್, ಅಂದರೆ ಗುಂಪಾಗಿ ಹೋಗುವ ಗುಹೆಗಳಿಗೆ ಜೊತೆಗಾರರನ್ನು ಹುಡುಕಿಕೊಡುವ ಡಂಜನ್ ಫೈಂಡರ್ ಬಂತು: ಗುಂಡಿ ಒತ್ತಿದರೆ ಬೇರೆ ಬೇರೆ ಸರ್ವರ್‌ಗಳ ಐವರನ್ನು ಆಟವೇ ಕೂಡಿಸಿ ಬಾಗಿಲ ಒಳಗೆ ಇಳಿಸುತ್ತದೆ, ಮುಗಿದ ಮೇಲೆ ಮತ್ತೆಂದೂ ಒಬ್ಬರ ಮುಖ ಒಬ್ಬರು ನೋಡಬೇಕಿಲ್ಲ. ಇದು ಎಷ್ಟು ಒಗ್ಗಿಹೋಗಿದೆಯೆಂದರೆ, ಆ ಕಾಲದ ಆಟವನ್ನೇ ಕ್ಲಾಸಿಕ್ ರೂಪದಲ್ಲಿ ಮತ್ತೆ ತರುವಾಗ ‘ಈ ಸಲ ಡಂಜನ್ ಫೈಂಡರ್ ಇರುವುದಿಲ್ಲ’ ಎಂದು ಬ್ಲಿಜರ್ಡ್ 2022ರಲ್ಲಿ ಗಟ್ಟಿಯಾಗಿ ಹೇಳಿತು. ಆಟಗಾರರ ಒತ್ತಡಕ್ಕೆ ಮಣಿದು 2023ರಲ್ಲಿ ಅದನ್ನು ಸೇರಿಸಿತು.

ಓಲ್ಡ್ ಸ್ಕೂಲ್ ರೂನ್‌ಸ್ಕೇಪ್‌ನಲ್ಲೂ ಇದೇ ಆಯಿತು. 2007ರ ಆಗಸ್ಟ್‌ನ ಬ್ಯಾಕಪ್‌ನಲ್ಲಿ ಗ್ರ್ಯಾಂಡ್ ಎಕ್ಸ್‌ಚೇಂಜ್ ಎಂಬ, ಸರಕನ್ನು ತಾನಾಗಿಯೇ ಕೊಂಡು ಮಾರಿಸುವ ಮಾರುಕಟ್ಟೆ ಇರಲಿಲ್ಲ, ಅದು ಅದೇ ವರ್ಷ ನವೆಂಬರ್‌ನಲ್ಲಿ ಬಂದದ್ದು. ನೀವು ಆಡುವಾಗ ವ್ಯಾರಕ್ ಊರಿನ ಪಶ್ಚಿಮದ ಬ್ಯಾಂಕಿನ ಎದುರು ಜನ ಬಣ್ಣಬಣ್ಣದ ಅಕ್ಷರಗಳಲ್ಲಿ ಕೂಗುತ್ತಾ ನಿಂತಿರುತ್ತಿದ್ದರಲ್ಲ, 2013ರಲ್ಲಿ ಅಂಥ ಕೂಗಾಟದ ಸಂತೆ ಮತ್ತೆ ಜೀವ ಪಡೆಯಿತು. ಎರಡೇ ವರ್ಷ. 2015ರಲ್ಲಿ ಆಟಗಾರರೇ ಮತ ಹಾಕಿ ಎಕ್ಸ್‌ಚೇಂಜ್ ತರಿಸಿಕೊಂಡರು. ನಾನೂ ಆಗ ಅದರ ಪರವಾಗಿದ್ದೆ. ಕೆಲಸ ಮುಗಿಸಿ ಬಂದು ಕೂರುವ ಒಂದು ಗಂಟೆಯಲ್ಲಿ ನಲವತ್ತು ನಿಮಿಷ ಕಬ್ಬಿಣದ ಅದಿರು ಮಾರುತ್ತಾ ನಿಲ್ಲುವುದು ಆಗುತ್ತಿರಲಿಲ್ಲ. ಇವತ್ತು ಮತ ಕೇಳಿದರೆ ಬಹುಶಃ ಬೇಡ ಎನ್ನುತ್ತಿದ್ದೆ.

ನಿಜವಾದ ಅಡ್ಡಿ ಇಲ್ಲಿದೆ. ಈ ಆಟಗಳನ್ನು ಬಯಸುವ ದೊಡ್ಡ ಗುಂಪಿಗೆ ಈಗ ಮೂವತ್ತೈದು ದಾಟಿದೆ. ಸಂಬಳವಿದೆ, ಬಿಡುವಿಲ್ಲ. ದುಡ್ಡಿದ್ದವರು ಬಿಡುವನ್ನು ಕೊಳ್ಳಲು ನೋಡುತ್ತಾರೆ, ಹಾಗಾಗಿ ಚಿನ್ನ ಮಾರುವವರು, ಬಾಟ್ (ತಾನಾಗಿ ಆಡುವ ಪ್ರೋಗ್ರಾಂ) ಓಡಿಸುವವರು ಹಳೆಯ ಆಟಗಳ ಬೆನ್ನು ಬಿಡುವುದೇ ಇಲ್ಲ. ವೆನಿಜುವೆಲಾದಲ್ಲಿ ಹಣದುಬ್ಬರ ನಾಣ್ಯವನ್ನೇ ನುಂಗಿದ ವರ್ಷಗಳಲ್ಲಿ ಅಲ್ಲಿನ ಎಷ್ಟೋ ಜನ ಓಲ್ಡ್ ಸ್ಕೂಲ್ ರೂನ್‌ಸ್ಕೇಪ್‌ನಲ್ಲಿ ಹಸಿರು ಡ್ರ್ಯಾಗನ್‌ಗಳನ್ನು ಕೊಂದು, ಚಿನ್ನ ಮಾಡಿ ಮಾರಿ, ಮನೆಗೆ ದಿನಸಿ ತಂದರು. ಅವರನ್ನು ಬಯ್ಯಲು ನನಗೆ ಮನಸ್ಸು ಬರುವುದಿಲ್ಲ. ಕೊಳ್ಳುವವರು ಇರುವ ತನಕ ಮಾರುವವರು ಇರುತ್ತಾರೆ. ಆದರೆ ಚಿನ್ನ ಕೊಂಡವನು ಯಾರ ಹಂಗಿಗೂ ಬೀಳುವುದಿಲ್ಲ, ಅಷ್ಟರ ಮಟ್ಟಿಗೆ ಆಟ ಬಡವಾಗುತ್ತದೆ.

ಹೊಸದಾಗಿ ಇಂಥ ಆಟ ಕಟ್ಟಲು ಹೊರಟವರ ಕಥೆ ಮಿಶ್ರವಾಗಿದೆ. 2014ರಲ್ಲಿ ಬಂದ ವೈಲ್ಡ್‌ಸ್ಟಾರ್, ಹಳೆಯ ಕಾಲದಂತೆ ನಲವತ್ತು ಜನ ಒಟ್ಟಾಗಿ ಹೋಗುವ ದಾಳಿ (ರೇಡ್), ಅದಕ್ಕೆ ಸೇರಲು ಕಠಿಣ ಷರತ್ತು ಎಂದೆಲ್ಲ ಹೇಳಿಕೊಂಡು ಬಂತು, 2018ರ ನವೆಂಬರ್‌ನಲ್ಲಿ ಮುಚ್ಚಿತು. ಅಲ್ಲಿ ಹಳೆಯ ಆಟಗಳ ಕಷ್ಟವಷ್ಟೇ ಬಂದಿತ್ತು. ಬಿಡುವು ಬಂದಿರಲಿಲ್ಲ, ಕೈಗೆ ಒಂದು ಕ್ಷಣವೂ ಪುರುಸೊತ್ತು ಕೊಡದ ಹೊಡೆದಾಟ ಅದರದು. ಎವರ್‌ಕ್ವೆಸ್ಟ್ ಕಟ್ಟಿದವರಲ್ಲಿ ಮುಖ್ಯರಾದ ಬ್ರ್ಯಾಡ್ ಮೆಕ್‌ಕ್ವೇಡ್ ಪ್ಯಾಂಥಿಯನ್ ಎಂಬ ಹೊಸ ಆಟಕ್ಕೆ ಕೈಹಾಕಿ 2014ರ ಜನವರಿಯಲ್ಲಿ ಜನರಿಂದ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ತಾಣದಲ್ಲಿ ಹಣ ಕೇಳಿದರು. ಗುರಿ ಮುಟ್ಟಲಿಲ್ಲ. ಆದರೂ ಬಿಡದೆ ಮುಂದುವರಿಸಿದರು. 2019ರ ನವೆಂಬರ್‌ನಲ್ಲಿ ಅವರೇ ತೀರಿಕೊಂಡರು. ತಂಡ ಕೆಲಸ ನಿಲ್ಲಿಸದೆ, 2024ರ ಡಿಸೆಂಬರ್‌ನಲ್ಲಿ ಅಪೂರ್ಣ ರೂಪದಲ್ಲೇ ಅದನ್ನು ಸ್ಟೀಮ್ ಎಂಬ ಆಟ ಮಾರುವ ತಾಣಕ್ಕೆ ತಂದಿತು. ದೊಡ್ಡ ಕಂಪನಿಗಳು ಈ ದಾರಿಗೆ ಬರುವುದಿಲ್ಲ ಎಂಬುದು ನನ್ನ ಅಂದಾಜು. ನೂರಾರು ಕೋಟಿ ಹಾಕಿದವರಿಗೆ ಲಕ್ಷಾಂತರ ಆಟಗಾರರು ಮೊದಲ ತಿಂಗಳಲ್ಲೇ ಬೇಕು, ಮೊದಲ ತಿಂಗಳಲ್ಲಿ ಬರುವವರು ಹಡಗಿಗಾಗಿ ಕಾಯುವುದಿಲ್ಲ. ಕೆಲವೇ ಸಾವಿರ ಜನರ ಚಂದಾದಲ್ಲಿ ಬದುಕಬಲ್ಲ ಸಣ್ಣ ತಂಡಗಳಿಂದ ಮಾತ್ರ ಇದು ಸಾಧ್ಯ.

ನನಗೆ ಹೆಚ್ಚು ಭರವಸೆ ಹುಟ್ಟಿಸಿದ್ದು ಬೇರೆಯದೇ ಒಂದು ಬೆಳವಣಿಗೆ. ವಾರ್‌ಕ್ರಾಫ್ಟ್ ಕ್ಲಾಸಿಕ್‌ನಲ್ಲಿ ಆಟಗಾರರು ತಾವೇ ಒಂದು ನೇಮ ಮಾಡಿಕೊಂಡರು: ಒಂದೇ ಜೀವ, ಸತ್ತರೆ ಆ ಪಾತ್ರ ಮುಗಿಯಿತು, ಒಂದನೇ ಲೆವೆಲ್‌ನಿಂದ ಮತ್ತೆ ಶುರು. 2023ರ ಆಗಸ್ಟ್‌ನಲ್ಲಿ ಕಂಪನಿಯೇ ಇದಕ್ಕೆ ‘ಹಾರ್ಡ್‌ಕೋರ್’ ಸರ್ವರ್ ಕೊಟ್ಟಿತು. ಅಲ್ಲಿ ಆಡಿದವರು ಹೇಳುವುದನ್ನು ಕೇಳಿ. ಆಟದ ನಕ್ಷೆ, ಲೆಕ್ಕ, ಪಟ್ಟಿ ಎಲ್ಲ ಗೊತ್ತಿದ್ದೂ, ಗುಹೆಯ ಬಾಯಲ್ಲಿ ನಿಂತಾಗ ಎದೆ ಹೊಡೆದುಕೊಳ್ಳುತ್ತದೆ. ದಾರಿಯಲ್ಲಿ ಹೋಗುವವನು ನಿಂತು ಗಾಯ ವಾಸಿ ಮಾಡಿ ಹೋಗುತ್ತಾನೆ. ಜನ ನಿಧಾನವಾಗಿ ನಡೆಯುತ್ತಾರೆ, ಜೊತೆಗೆ ಯಾರಾದರೂ ಬರುವಿರಾ ಎಂದು ಕೇಳುತ್ತಾರೆ. ಗೊತ್ತಿಲ್ಲದಿರುವುದು ಮರಳಿ ಬರದಿದ್ದರೂ ಹಂಗು ಮರಳಿ ಬರಬಲ್ಲದು ಎಂದು ಈ ಸರ್ವರ್‌ಗಳು ತೋರಿಸಿವೆ.

ಇನ್ನೊಂದು ಮಾತು, ಇದು ನನಗೆ ವೈಯಕ್ತಿಕವಾದದ್ದು. ಮರಳಿ ಬರಬೇಕಾದರೆ ಮೊದಲು ಉಳಿದಿರಬೇಕು. ಹಿಂದೆ ನಾನಿದ್ದ ಒಂದು ಕಂಪನಿ ಚಿಕ್ಕದೊಂದು ಆನ್‌ಲೈನ್ ಆಟ ನಡೆಸುತ್ತಿತ್ತು. ಅದನ್ನು ಮುಚ್ಚಿದ ರಾತ್ರಿಯ ಪಾಳಿ ನನ್ನದು. ಇನ್ನೂರು ಚಿಲ್ಲರೆ ಜನ ಒಳಗಿದ್ದರು. ಹನ್ನೊಂದೂವರೆ ಹೊತ್ತಿಗೆ ಎಲ್ಲರೂ ಊರ ನಡುವಿನ ಕೊಳದ ಸುತ್ತ ಬಂದು ಕೂತರು. ಯಾರೋ ಒಬ್ಬರು ‘ಮಧುರೈಯಿಂದ ನಮಸ್ಕಾರ’ ಎಂದು ಬರೆದರು. ಆಮೇಲೆ ಪ್ರತಿಯೊಬ್ಬರೂ ತಮ್ಮ ಊರಿನ ಹೆಸರು ಬರೆಯುತ್ತಾ ಹೋದರು, ಹುಬ್ಬಳ್ಳಿ, ಇಂದೋರ್, ಕೋಳಿಕೋಡ್, ಮನಿಲಾ. ಹನ್ನೆರಡಕ್ಕೆ ನಾನು ಸರ್ವರ್ ನಿಲ್ಲಿಸಿದೆ. ಡೇಟಾ ಇಟ್ಟುಕೊಳ್ಳೋಣ ಎಂದು ಕೇಳಿದ್ದೆ, ಆರು ತಿಂಗಳಲ್ಲಿ ಸ್ಟೋರೇಜ್ ಖರ್ಚು ಎಂದು ಅದನ್ನೂ ಅಳಿಸಿದರು. ಆ ಆಟ ಇನ್ನು ಯಾವ ರೂಪದಲ್ಲೂ ಬರುವುದಿಲ್ಲ. ಸಿಟಿ ಆಫ್ ಹೀರೋಸ್ ಎಂಬ ಆಟಕ್ಕೆ ಬೇರೆ ಗತಿ ಸಿಕ್ಕಿತು: 2012ರ ನವೆಂಬರ್‌ನಲ್ಲಿ ಮುಚ್ಚಿದ ಅದನ್ನು ಅಭಿಮಾನಿಗಳು ಗುಟ್ಟಾಗಿ ನಡೆಸುತ್ತಿದ್ದದ್ದು 2019ರಲ್ಲಿ ಬಯಲಾಯಿತು. 2024ರ ಜನವರಿಯಲ್ಲಿ ಎನ್‌ಸಿಸಾಫ್ಟ್ ಕಂಪನಿ ‘ಹೋಮ್‌ಕಮಿಂಗ್’ ಎಂಬ ಅಭಿಮಾನಿಗಳ ಸರ್ವರ್‌ಗೆ ಅಧಿಕೃತ ಪರವಾನಗಿಯನ್ನೇ ಕೊಟ್ಟಿತು. ಎವರ್‌ಕ್ವೆಸ್ಟ್‌ನ ಹಳೆಯ ರೂಪವನ್ನು 2009ರಿಂದ ನಡೆಸುತ್ತಿರುವ ‘ಪ್ರಾಜೆಕ್ಟ್ 1999’ಕ್ಕೂ 2015ರಲ್ಲಿ ಮೂಲ ಕಂಪನಿಯ ಒಪ್ಪಿಗೆ ಸಿಕ್ಕಿದೆ. ಅಲ್ಲಿ ಬಜಾರ್ ಇಲ್ಲ, ಹಾಗಾಗಿ ಆ ಸುರಂಗದಲ್ಲಿ ಜನ ಇವತ್ತಿಗೂ ಗೋಡೆಗೊರಗಿ ಕೂತು ಚೌಕಾಸಿ ಮಾಡುತ್ತಾರೆ. ಉಳಿದ ಕಂಪನಿಗಳೂ ಈ ಎರಡರಂತೆ ನಡೆದುಕೊಂಡಿದ್ದರೆ ಎಷ್ಟು ಲೋಕಗಳು ಉಳಿಯುತ್ತಿದ್ದವೋ.

ಇನ್ನು ನೀವೇನು ಮಾಡಬಹುದು. ವಾರ್‌ಕ್ರಾಫ್ಟ್ ಕ್ಲಾಸಿಕ್‌ನ ರೇಡ್ ನಿಮಗೆ ಹೊಂದುವುದು ಕಷ್ಟ. ಯುರೋಪಿನ ಗಿಲ್ಡ್‌ಗಳು (ಆಟಗಾರರ ತಂಡಗಳು) ಅಲ್ಲಿನ ರಾತ್ರಿ ಎಂಟಕ್ಕೆ ಸೇರಿದರೆ ನಮಗೆ ಹನ್ನೊಂದೂವರೆ, ಚಳಿಗಾಲದಲ್ಲಿ ಹನ್ನೆರಡೂವರೆ. ಓಲ್ಡ್ ಸ್ಕೂಲ್ ರೂನ್‌ಸ್ಕೇಪ್‌ನಿಂದಲೇ ಶುರು ಮಾಡಿ. ಅದರ ಸರ್ವರ್ 0.6 ಸೆಕೆಂಡಿಗೊಮ್ಮೆ ಮಾತ್ರ ಲೆಕ್ಕ ಹಾಕುತ್ತದೆ, ಹಾಗಾಗಿ ಇಲ್ಲಿಂದ ಇಂಗ್ಲೆಂಡಿಗೆ ಹೋಗಿಬರುವ ಸಿಗ್ನಲ್‌ನ ತಡ ನಿಮಗೆ ಗೊತ್ತೇ ಆಗುವುದಿಲ್ಲ. ಉಚಿತವಾಗಿಯೂ ಆಡಬಹುದು, ಫೋನಿನಲ್ಲೂ ಆಡಬಹುದು. ನಿಮ್ಮ 2006ರ ಪಾತ್ರ ಅಲ್ಲಿ ಸಿಗುವುದಿಲ್ಲ. 2013ರಲ್ಲಿ ಎಲ್ಲರೂ ಹೊಸದಾಗಿಯೇ ಶುರು ಮಾಡಿದರು, ಹಳೆಯ ಅಕೌಂಟ್‌ನ ಹೆಸರು, ಪಾಸ್‌ವರ್ಡ್ ನೆನಪಿದ್ದರೆ ಅದನ್ನು ಹೊಸ ರೂನ್‌ಸ್ಕೇಪ್‌ನಲ್ಲಿ ಹುಡುಕಬೇಕು.

ಎರಡು ಕೋರಿಕೆ. ಮೊದಲ ತಿಂಗಳು ಆಟದ ವಿಕಿ (ಆಟಗಾರರು ಬರೆದಿಟ್ಟ ಕೈಪಿಡಿಯ ತಾಣ) ತೆರೆಯಬೇಡಿ, ಎಷ್ಟು ಗಂಟೆಗೆ ಎಷ್ಟು ಅಂಕ ಎಂಬ ಪಟ್ಟಿಗಳ ಕಡೆ ತಲೆ ಹಾಕಬೇಡಿ. ಮತ್ತೆ, ಸಾಧ್ಯವಾದರೆ ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಅವನಿಗೂ ಒಂದು ಪಾತ್ರ ಮಾಡಿಕೊಡಿ. ಇಬ್ಬರೂ ಬಾರ್ಬೇರಿಯನ್ ವಿಲೇಜ್ ಪಕ್ಕದ ಹೊಳೆಗೆ ಹೋಗಿ. ಗಾಳ ಮತ್ತು ಕೋಳಿಗರಿ ಇದ್ದರೆ, ಮೀನು ಹಿಡಿಯುವ ವಿದ್ಯೆಯ 20ನೇ ಲೆವೆಲ್‌ಗೆ ಟ್ರೌಟ್, 30ಕ್ಕೆ ಸಾಲ್ಮನ್ ಸಿಗುತ್ತದೆ. ಒಂದು ಸಲ ಗಾಳ ಹಾಕಿದರೆ ಆಮೇಲೆ ಕೈಗೆ ಹೆಚ್ಚು ಕೆಲಸವಿಲ್ಲ. ಅಲ್ಲಿ ಯಾವ ಹೊತ್ತಿಗೆ ಹೋದರೂ ನಾಲ್ಕಾರು ಜನ ನಿಂತಿರುತ್ತಾರೆ, ಇಬ್ಬರಾದರೂ ಮಾತಾಡುತ್ತಿರುತ್ತಾರೆ. ಮೊದಲು ನೀವೇ ಮಾತಾಡಿಸಿ.